ಒಂದು ಹಿಡಿ ಕಸವೂ ಹೊರಗೆ ಹೋಗದು

೧೦ ಜನವರಿ ೨೦೨೫, ಶುಕ್ರವಾರ. ಉದಗೀರ

ಬೆಳಿಗ್ಗೆ ಉಪ್ಪುನೀರು ಮುಕ್ಕಳಿಸಿದೆ, ಎಂದಿನಂತೆ. ಗಂಟಲು ತೆರೆಯಿತು. ನಾಟಕ ಕಂಪನಿ ಮುಚ್ಚಿದರೇನು, ದುರ್ಯೋಧನನ ಗಂಟಲು ಇನ್ನೂ ಮುಚ್ಚಿಲ್ಲ! ಈಗ ಮದುವೆ ಮಂಟಪ, ಆಟೊ ಮೈಕು, ಅಂಗಡಿ ಜಾಹೀರಾತು... ಕರೆದವರಿಗೆಲ್ಲ ದನಿ ಕೊಡುತ್ತೇನೆ.

ಇವತ್ತು ನಮ್ಮ ಓಣಿಯ ದಾಲ್ ಮಿಲ್ಲಿನ ರೆಕಾರ್ಡಿಂಗ್. ಗುರುಲಿಂಗಪ್ಪ ಶೇಟಜಿಯ ಮಗ ರವಿಕಾಂತ ಹೊಸ ಮಶೀನು ತಂದಿದ್ದಾನೆ. ತೊಗರಿ ಹೊಟ್ಟನ್ನು ಒತ್ತಿ ಇಟ್ಟಿಗೆಯಂಥ ತುಂಡು ಮಾಡುತ್ತದೆ. ಬೇಳೆ ಒಣಗಿಸುವ ಭಟ್ಟಿಗೆ ಇನ್ನು ಕಲ್ಲಿದ್ದಲು ಬೇಡ, ಅದೇ ಸಾಕು. ಚಾವಣಿ ತುಂಬ ಸೋಲಾರ್ ಬೇರೆ. ಪರದೇಶದ ಗಿರಾಕಿಗಳು ಈಗ ಬೇಳೆ ನೋಡುವ ಮೊದಲು ಹೊಗೆ ನೋಡುತ್ತಾರಂತೆ. ಒಳ್ಳೆಯದೇ. ನನ್ನ ಹೆಂಡತಿ ಅನುಸೂಯಾ ಒಣಹಾಕಿದ ಸೀರೆಯ ಮೇಲೆ ಮಸಿ ಬೀಳುವುದು ತಪ್ಪುತ್ತದೆ.

ರವಿಕಾಂತ ಬರೆದುಕೊಟ್ಟ ಕೊನೆಯ ಸಾಲು: ‘ಈ ಗೇಟಿನಿಂದ ಇನ್ನು ಒಂದು ಹಿಡಿ ಕಸವೂ ಹೊರಗೆ ಹೋಗದು!’ ಆಹಾ, ಎಂಥ ಸಾಲು! ‘ಒಂದು ಹಿಡಿ’ ಎಂಬಲ್ಲಿ ನಿಂತೆ. ಉಸಿರು ಎಳೆದೆ. ‘ಹೋಗದು’ ಎಂಬಲ್ಲಿ ಸಿಡಿಲು ಕೆಡವಿದೆ.

“ಮಾಸ್ತರ್, ಜರಾ ಸಾವಕಾಶ್,” ಎಂದ ರವಿಕಾಂತ. “ಇದು ಬ್ಯಾಳಿ ಮಿಲ್ಲರೀ, ಕುರುಕ್ಷೇತ್ರ ಅಲ್ಲ.”

ಆದರೂ ಅದನ್ನೇ ಇಟ್ಟುಕೊಂಡ. ಕಲೆ ಎಂದರೆ ಕಲೆ!

೧೩ ಜನವರಿ, ಸೋಮವಾರ

ಸೋಮವಾರ ಮಿಲ್ಲಿನ ಗೇಟು ಓಣಿಗೆ ತೆರೆಯುವ ದಿನ. ಶೇಟಜಿಯ ತಂದೆ ಹಾಕಿದ ಪದ್ಧತಿ. ಶಿವನ ವಾರ, ದನಗಳಿಗೆ ದಾಸೋಹ. ತಕ್ಕಡಿ ಇಲ್ಲ, ಚೀಟಿ ಇಲ್ಲ. ಹೆಂಗಸರು ಹಳೆ ಸೀರೆ ಹಾಸಿ ಹೊಟ್ಟು ಕಟ್ಟಿಕೊಂಡು ಬರುತ್ತಾರೆ. ನಮ್ಮ ಎರಡು ಎಮ್ಮೆ ನಿಂತಿರುವುದು ಆ ಹೊಟ್ಟಿನ ಮೇಲೆ. ಮನೆ ನಿಂತಿರುವುದು ಅನುಸೂಯಾ ಹಾಕುವ ಹಾಲಿನ ಮೇಲೆ. ನನ್ನ ದನಿಯ ದುಡಿಮೆ ಚಹಾಕ್ಕೆ ಸರಿ.

ಗಂಟು ಹೊರಲು ಹೋದೆ. ಗೇಟು ಬಂದ್. ಹೆಂಗಸರು ಸೀರೆ ಹಿಡಿದು ಬಿಸಿಲಲ್ಲಿ. ಕಂಬದ ಮೇಲೆ ಸ್ಪೀಕರು. ಅದರೊಳಗಿಂದ ಗುಡುಗುತ್ತಿರುವವನು... ನಾನು! ಒಂದು ಹಿಡಿ ಕಸವೂ ಹೊರಗೆ ಹೋಗದು!

“ಅಯ್ಯ ಅನುಸಕ್ಕಾ, ಕೇಳು!” ನೆರೆಮನೆಯ ಕಸ್ತೂರಬಾಯಿ ಚಪ್ಪಾಳೆ ತಟ್ಟಿದಳು. “ನಿನ್ನ ಗಂಡ ನಿನಗೇ ಓಡಸ್ಲತ್ತಾನ. ಎಷ್ಟ್ ಛಂದ ಆವಾಜ್!”

ಎಲ್ಲರೂ ನಕ್ಕರು. ಅನುಸೂಯಾ ನಗಲಿಲ್ಲ.

“ಓದೇ ಹೇಳಿದ್ರೇನು ಇದನ್ನ?”

“ಓದೇ ಹೇಳ್ದೆ.”

“ಮತ್ತ, ನಮ್ಮ ಹೊಟ್ಟ ಅಂತ ತಿಳೀಲಿಲ್ಲಾ?”

ಸಾಲಿನ ಏರು ಕಂಡಿತ್ತು. ಇಳಿತ ಕಂಡಿತ್ತು. ನನ್ನ ಎಮ್ಮೆ ಮೇಯುವ ಗೋದಲಿ ಕಂಡಿರಲಿಲ್ಲ.

೧೪ ಜನವರಿ. ಸಂಕ್ರಾಂತಿ

ಮಿಲ್ಲಿಗೆ ಹೋದೆ. ರವಿಕಾಂತ ಕೈಗೆ ಎಳ್ಳುಬೆಲ್ಲದ ತಿಳಗೂಳ ಇಟ್ಟ. “ಗೋಡ್ ಬೋಲಾ, ಮಾಸ್ತರ್.”

ಬಾಯಿಗೆ ಹಾಕಿಕೊಂಡೆ. ಸಿಹಿ ಮಾತಾಡಿ ಎಂದನಲ್ಲ, ಸಿಹಿಯಾಗಿಯೇ ಕೇಳಿದೆ — ಸೋಮವಾರದ ಹೊಟ್ಟು?

“ನಿಮಗ ಕೊಟ್ರ ಭಟ್ಟಿಗಿ ಮತ್ತ ಇದ್ದಲಿನೇ ಹಾಕ್ಬೇಕು. ಮಸಿ ಬೇಕೇನ್ರೀ ನಿಮಗ?”

ಅವನ ಮಾತು ಸುಳ್ಳಲ್ಲ. ಅದೇ ಉರಿ!

“ಮತ್ತ ಎಮ್ಮಿಗೋಳು?”

“ಎಮ್ಮಿ ತೇಗಿದ್ರೂ ಹವಾದಾಗ ಗ್ಯಾಸ್ ಹೋಗ್ತದ್ರೀ. ಗಿರಾಕಿಗೋಳು ಅದೂ ಲೆಕ್ಕ ಹಿಡೀತಾರ.” ನಕ್ಕ. ಚೇಷ್ಟೆಯೋ, ಖರೆಯೋ.

ಗಾದಿಯ ಮೇಲೆ ಕೂತಿದ್ದ ಗುರುಲಿಂಗಪ್ಪನವರತ್ತ ತಿರುಗಿದೆ. “ಶೇಟಜಿ, ನಿಮ್ಮಪ್ಪನೋರು ಹಾಕಿದ ಪದ್ಧತಿ...”

“ಕಾರಭಾರ ಈಗ ಅಂವಂದು, ನೀಲಕಂಠ.” ಕೊರಳ ಲಿಂಗದ ಕರಡಿಗೆ ಹಿಡಿದು ಕಣ್ಣು ಮುಚ್ಚಿದರು.

ತಿಳಗೂಳ ಬಾಯಲ್ಲೇ ಇತ್ತು. ನುಂಗಿದೆ.

೯ ಫೆಬ್ರುವರಿ

ಎಮ್ಮೆಗಳಿಗೆ ಬರೀ ಜೋಳದ ಕಣಕಿ ಹಾಕುತ್ತಿದ್ದೇವೆ. ಹಾಲು ಅರ್ಧಕ್ಕಿಳಿದಿದೆ. ಹೊಗೆ ನಿಂತದ್ದು ಮಾತ್ರ ಖರೆ. ಸೀರೆ ಸ್ವಚ್ಛ. ಆಕಾಶ ಸ್ವಚ್ಛ. ಉಣ್ಣುವ ಗಂಗಾಳವೂ ಸ್ವಚ್ಛ!

ಅನುಸೂಯಾ ತುರೋರಿಯ ವೈಜಿನಾಥನಿಗೆ ಫೋನ್ ಮಾಡಿದಳು. ಎಮ್ಮೆ ಕೊಳ್ಳುವವನು. ನನಗೆ ಹೇಳಲಿಲ್ಲ, ಕಿವಿಗೆ ಬಿತ್ತು.

ಎದ್ದು ನಿಂತೆ. “ತಡಿ! ಇಪ್ಪತ್ತಕ್ಕ ಮಿಲ್ಲಿನಾಗ ಫಂಕ್ಷನ್ ಅದ. ಪರದೇಶದ ಸಾಹೇಬರು ಬರ್ತಾರ. ಮೈಕ್ ನನ್ನ ಕೈಯಾಗ. ಎಲ್ಲರ ಎದುರಿಗಿ ಕೇಳ್ತೀನಿ, ಸೋಮವಾರದ ಹೊಟ್ಟು ಎಲ್ಲಿ ಅಂತ!”

ತಿಂಗಳಾದ ಮೇಲೆ ಮೊದಲ ಸಲ ಮುಖವೆತ್ತಿ ನೋಡಿದಳು.

“ಖರೇನ್ರೀ?”

“ಶಿವನಾಣಿ.”

“ಹಂಗಾರ ವೈಜಿನಾಥಗ ಸದ್ಯ ಬರಬ್ಯಾಡ ಅಂತೀನಿ.”

೨೦ ಫೆಬ್ರುವರಿ, ಸಂಜೆ

ಬರೆಯಲೇಬೇಕೇ? ಬರೆಯುತ್ತೇನೆ.

ಪೆಂಡಾಲು. ಸಾಹೇಬರು. ಶಾಲು, ಹಾರ. ಮೈಕು ಕೈಗೆ ಬಂತು. ಎದೆಯಲ್ಲಿ ಮಾತು ಸಿದ್ಧ. ಅಷ್ಟರಲ್ಲಿ ರವಿಕಾಂತ ಚೀಟಿ ತುರುಕಿದ — ಓಣಿಯ ಹೆಂಗಸರಿಗೆ ಬೇವಿನ ಸಸಿ ಹಂಚುವುದು, ಹೆಸರು ಕರೆಯಿರಿ. ಮೊದಲ ಹೆಸರೇ ಆಕೆಯದು.

ಈಗ ಕೇಳು, ಈಗ! ಎಂದಿತು ಮನಸ್ಸು. ಗಂಟಲು ಬೇರೆಯೇ ಹೇಳಿತು: “ಹಸಿರು ಯಜ್ಞದ ವೀರಮಾತೆ... ಶ್ರೀಮತಿ ಅನುಸೂಯಾಬಾಯೀ!”

ಚಪ್ಪಾಳೆ. ಸಾಹೇಬರು ಎದ್ದು ನಿಂತು ತಟ್ಟಿದರು. ಚಪ್ಪಾಳೆ ಬಿದ್ದ ಮೇಲೆ ನನ್ನನ್ನು ಯಾರು ಹಿಡಿಯಬೇಕು? ಉಳಿದ ಹೆಸರುಗಳನ್ನೂ ಹಾಗೇ ಕರೆದೆ, ಒಂದಕ್ಕಿಂತ ಒಂದು ಎತ್ತರಕ್ಕೆ. ಅನುಸೂಯಾ ಸಸಿ ಹಿಡಿದು ವೇದಿಕೆಯ ಮೇಲೆಯೇ ನಿಂತಿದ್ದಳು, ನಾನು ಕೇಳಲಿ ಎಂದು ಕಾಯುತ್ತ. ಕೊನೆಗೆ ಕಸ್ತೂರಬಾಯಿ ಬಂದು ಸೆರಗು ಹಿಡಿದು ಕೆಳಗಿಳಿಸಿದಳು. ಆಕೆಯೂ ಇವತ್ತು ನಗಲಿಲ್ಲ.

ಮನೆಗೆ ಬಂದು ಸಸಿಯನ್ನು ಗೋದಲಿಗೆ ಎಸೆದಳು. ಎಮ್ಮೆ ಕಹಿ ಎಂದು ನೋಡಲಿಲ್ಲ, ಬೇರುಸಹಿತ ತಿಂದಿತು.

“ವೈಜಿನಾಥ ನಾಳಿಗಿ ಬರ್ತಾನ,” ಎಂದಳು. ಅಷ್ಟೇ.

೨೧ ಫೆಬ್ರುವರಿ, ಬೆಳಿಗ್ಗೆ

ಟೆಂಪೊ ಬಾಗಿಲಲ್ಲಿದೆ. ಎರಡನ್ನೂ ಒಯ್ಯುತ್ತಾನೆ. ಒಂದು ಹತ್ತಿತು. ಇನ್ನೊಂದು ಕಾಲೂರಿ ನಿಂತಿದೆ, ಒಲ್ಲದು. ಅನುಸೂಯಾ ಒಬ್ಬಳೇ ಹಗ್ಗ ಜಗ್ಗುತ್ತಿದ್ದಾಳೆ. ನಾನು ಒಳಗೆ, ಪೆನ್ನು ಹಿಡಿದು.

“ಮಾಸ್ತರ್, ಹೊರಗ ಬರ್ರಿ!” ವೈಜಿನಾಥ ಕೂಗುತ್ತಿದ್ದಾನೆ. “ಒಂದು ಜೋರ ಆವಾಜ್ ಹಾಕ್ರಿ, ಹತ್ತತದ!”

“ಅವರಿಗಿ ಕರೀಬ್ಯಾಡೋ ತಮ್ಮಾ,” ಅನುಸೂಯಾ ಹೇಳಿದಳು. ಸಿಟ್ಟೂ ಇಲ್ಲ ದನಿಯಲ್ಲಿ. “ಯಾರರೆ ಬರ್ದು ಕೊಡ್ಬೇಕು ಅವರಿಗಿ.”

ಏಳಬೇಕು. ಹೋಗಿ ಆ ಹಗ್ಗ —