ಸ್ಟೀರಿಂಗಿನ ಆ ಒಂದು ಬೋಲ್ಟ್

ಕಪ್ಪತಗುಡ್ಡದ ಅಡಿ,
೨೧೧೩, ಫೆಬ್ರವರಿ ೩೦

ಮುತ್ತಜ್ಜ ಮೌನೇಶಪ್ಪನವರಿಗೆ ಮರಿಮೊಮ್ಮಗಳು ನೀಲಗಂಗಾಳ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ಓಡಾಡುವುದು ಗೆರೆಬಂಡಿಗಳಲ್ಲಿ. ನೆಲದಲ್ಲಿ ಹೂತ ತಂತಿಯ ಗುಂಟ ತಾವೇ ಸಾಗುವ ಅವುಗಳಿಗೆ ಸ್ಟೀರಿಂಗ್ ಇಲ್ಲ. ಆ ತಂತಿ ಗುಡ್ಡ ಹತ್ತಿಲ್ಲ. ಮೇಲಿನ ತಾಂಡಾದವರಿಗೆ ಹೆರಿಗೆ ನೋವು ಬಂದರೆ ಹೋಗುವ ದಾರಿಯೇ ಇರಲಿಲ್ಲ. ಅದಕ್ಕೆಂದೇ, ನೀವು ಕೊನೆಯದಾಗಿ ರಿಪೇರಿ ಮಾಡಿ ಷೆಡ್ಡಿನಲ್ಲಿ ನಿಲ್ಲಿಸಿದ ಬಿಳಿ ಕಾರನ್ನು ಹೋದ ವರ್ಷ ನಾನು ಮತ್ತೆ ಎಬ್ಬಿಸಿದೆ. ತಂಪುಹೊತ್ತಿನಲ್ಲಿ, ಅಂದರೆ ಹೊರಗೆ ತಿರುಗಲು ಅಪ್ಪಣೆಯಿರುವ ಬೆಳಗಿನ ನಾಲ್ಕು ತಾಸಿನಲ್ಲಿ, ಹೊಂಗೆ ಎಣ್ಣೆ ತುಂಬಿಸಿಕೊಂಡು ನನ್ನ ತಂಗಿ ಇಂದುಮತಿ ಅದನ್ನು ಓಡಿಸುತ್ತಿದ್ದಳು. ಅವಳು ಸೂಲಗಿತ್ತಿ.

ಬ್ರೇಕು, ಪೈಪು, ಚಕ್ರ ಎಲ್ಲ ಬಿಚ್ಚಿ ನೋಡಿದ್ದೆ. ಸ್ಟೀರಿಂಗ್ ಕಂಬ ಒಂದೇ ಬೋಲ್ಟಿನಿಂದ ಕೆಳಗಿನ ದಂಡಕ್ಕೆ ಕೂಡುವ ಜಾಗವನ್ನು ಮಾತ್ರ ಮುಟ್ಟಲಿಲ್ಲ. ನಿಮ್ಮ ರಿಪೇರಿ ಪುಸ್ತಕದಲ್ಲಿ ನೀವೇ ಬರೆದಿದ್ದಿರಿ: "ಹೊಸ ಬೋಲ್ಟ್ ಹಾಕಿ ಅಳತೆಗೆ ಬಿಗಿದಿದೆ. ಮೌನೇಶ." ನಾನು ಕೆಲಸ ಕಲಿತದ್ದೇ ಆ ಪುಸ್ತಕದಿಂದ. ಈ ಬೋಲ್ಟನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬಾರದು, ಕೈಯಂದಾಜಿನಲ್ಲಿ ಬಿಗಿಯಬಾರದು, ಎಷ್ಟು ಬಿಗಿಯಾಯಿತೆಂದು ತೋರಿಸುವ ಅಳತೆ ಪಾನಾ ಹಿಡಿದೇ ಬಿಗಿಯಬೇಕು ಎಂದು ನನಗೆ ಕಲಿಸಿದವರು ನೀವು.

ಕಳೆದ ತಿಂಗಳು ತಾಂಡಾದಿಂದ ಇಬ್ಬರೂ ಇಳಿದು ಬರುತ್ತಿದ್ದೆವು. ಎರಡನೇ ತಿರುವಿನಲ್ಲಿ ಇಂದುಮತಿ ಕೂಗಿದಳು: "ಅಕ್ಕಾ, ಸ್ಟೀರಿಂಗ್ ತಿರುಗಾಕತ್ತೈತಿ, ಗಾಡಿ ತಿರುಗವಲ್ದು!" ಕಾರು ಬಂಡೆಗೆ ಬಡಿದು ಮಗುಚಿತು. ನನಗೆ ತರಚು ಗಾಯ. ಅವಳ ಬಲಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು. ಮುನ್ನೂರು ಕೂಸುಗಳನ್ನು ಎತ್ತಿದ ಕೈ ಅದು.

ಮರುದಿನ ನಾನೇ ಹೋಗಿ ಬಿಚ್ಚಿದೆ. ಒಳಗಿದ್ದದ್ದು ಹಳೆಯ ಬೋಲ್ಟು. ತಲೆಯ ಮೂಲೆಗಳು ಸವೆದು ದುಂಡಗಾಗಿದ್ದವು, ತಿರುಪಿನ ಎಳೆಗಳು ತಿಂದುಹೋಗಿದ್ದವು. ಅದರ ಮೇಲೆ, ಅಳತೆಗೆ ಬಿಗಿದಾದ ಮೇಲಷ್ಟೇ ಎಳೆಯಬೇಕಾದ ಹಳದಿ ಬಣ್ಣದ ಗುರುತನ್ನು ನೀವು ನೀಟಾಗಿ ಎಳೆದಿದ್ದಿರಿ. ಮುತ್ತಜ್ಜ, ಮರೆತಿದ್ದರೆ ಮನ್ನಿಸುತ್ತಿದ್ದೆ. ಮರೆತವರು ಬಣ್ಣ ಹಚ್ಚುವುದಿಲ್ಲ.

ಇಂದುಮತಿ ನನಗೇ ಸಮಾಧಾನ ಹೇಳುತ್ತಾಳೆ: "ಸಿಟ್ಟಾಗಬ್ಯಾಡ ಅಕ್ಕಾ. ಏನೋ ಅವಸರ ಇದ್ದೀತು. ಹೊಸಾದು ಸಿಕ್ಕಿರಲಿಕ್ಕಿಲ್ಲ." ಈಗ ಎಡಗೈಯಲ್ಲಿ ಹೊಕ್ಕುಳಬಳ್ಳಿಗೆ ಗಂಟು ಹಾಕುವುದನ್ನು ಹಗ್ಗದ ತುಂಡಿನ ಮೇಲೆ ಕಲಿಯುತ್ತಿದ್ದಾಳೆ. ನಾನು ನೋಡಲಾರದೆ ಹೊರಗೆ ಹೋಗುತ್ತೇನೆ.

ಈ ಕಾಗದ ನೀವು ಆ ಬೋಲ್ಟ್ ಬಿಗಿದ ದಿನಕ್ಕಿಂತ ಮೊದಲು ನಿಮ್ಮ ಕೈ ಸೇರಿದರೆ ಒಂದೇ ಬೇಡಿಕೆ. ಹೊಸ ಬೋಲ್ಟ್ ಸಿಗದಿದ್ದರೆ ಬಿಡಿ. ಅಳತೆ ಪಾನಾ ಯಾರೋ ಒಯ್ದಿದ್ದರೆ ಅದೂ ಇರಲಿ. "ಹಳೆಯ ಬೋಲ್ಟೇ ಇದೆ, ಈ ಗಾಡಿ ಓಡಿಸಬೇಡಿ" ಎಂದು ಬರೆದು ಸಹಿ ಮಾಡಿ. ಅದನ್ನೂ ನಾನು ಅಷ್ಟೇ ನಂಬುತ್ತಿದ್ದೆ.

ನೀಲಗಂಗಾ ಕಮ್ಮಾರ