ಗಂಡಸರು ಅಳುವ ಸಿನೇಮಾ

೨೨ ಫೆಬ್ರುವರಿ ೧೯೪೬, ಶುಕ್ರವಾರ

ಇವತ್ತೂ ಇವರು ಐದು ಗಂಟೆಗೇ ಊಟ ಕೇಳಿದರು. ಇದು ಆರನೇ ದಿನ. ರಬಕವಿಗೆ ಟೂರಿಂಗ್ ಟಾಕೀಸ್ ಬಂದು ಹಳೆಯ ಹತ್ತಿ ಗೋದಾಮಿನಲ್ಲಿ ಇಳಿದಾಗಿನಿಂದ ನಮ್ಮ ಮನೆಯವರಿಗೆ ಧರ್ಮ ನೆನಪಾಗಿದೆ. ಮೊದಲೆಲ್ಲ ಸೀರೆ ಅಂಗಡಿ ಮುಚ್ಚಿ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದರು. ಜೈನರ ಮನೆ, ಕತ್ತಲಾದ ಮೇಲೆ ಉಣ್ಣುವಂತಿಲ್ಲ. ಆದರೂ ಅಡುಗೆಮನೆ ಕದ ಮುಂದೆ ಮಾಡಿಕೊಂಡು ತಣ್ಣನೆಯ ರೊಟ್ಟಿ ಮುರಿಯುತ್ತಿದ್ದರು. ಈಗ ಬಿಸಿಲಿರುವಾಗಲೇ ಕೈಕಾಲು ತೊಳೆದು ಮಣೆಯ ಮೇಲೆ ಹಾಜರ್. ಆರೂವರೆಗೆ ಆಟ ಶುರು, ಅದಕ್ಕೆ.

ಅತ್ತೆಗೆ ಖುಷಿಯೋ ಖುಷಿ. ನಮ್ಮ ನೇಮಿನಾಥ ರಾತ್ರಿ ಊಟ ಬಿಟ್ಟಾನ ಅಂತ ಬಸದಿಯಲ್ಲಿ ಹತ್ತು ಮಂದಿಗೆ ಹೇಳಿ ಬಂದರು. ನಾನು ರೊಟ್ಟಿ ಬಡಿಯುತ್ತ ಕೂತೆ. ನಾದಿನಿ ಹೀರಾ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹದಿನೇಳರ ಹುಡುಗಿ, ನಗು ತಡೆಯುವುದು ಇನ್ನೂ ಬಂದಿಲ್ಲ.

೨೬ ಫೆಬ್ರುವರಿ, ಮಂಗಳವಾರ

ಮದುವೆಯಾಗಿ ಎಂಟು ವರ್ಷ. ಇವರು ನನ್ನೆದುರು ಕೂತು ಒಂದು ತಾಸು ಮಾತಾಡಿದ್ದು ಇವತ್ತೇ ಮೊದಲು. ಮಾತು ನನ್ನ ಬಗ್ಗೆ ಅಲ್ಲ, ಸಿನೇಮಾದ ಬಗ್ಗೆ. ಇರಲಿ.

ಕಥೆ ಇಷ್ಟು. ಒಬ್ಬ ಹುಡುಗಿ, ತಂದೆ ಇಲ್ಲ. ಅಣ್ಣನೇ ಮನೆಗೆ ಹಿರಿಯ. ಅಣ್ಣನ ಹೊಲದಲ್ಲಿ ದುಡಿಯುವ ಹುಡುಗನ ಮೇಲೆ ಅವಳ ಜೀವ. ಅಣ್ಣ ಒಪ್ಪುವುದಿಲ್ಲ, ಬೇರೆ ಕಡೆ ಕೊಟ್ಟುಬಿಡುತ್ತಾನೆ. ಅವಳು ಗಾಡಿ ಹತ್ತಿ ಹೋಗುವಾಗ ಈ ಹುಡುಗ ಹೊಳೆ ದಂಡೆಯಲ್ಲಿ ನಿಂತು ಹಾಡುತ್ತಾನೆ. ಆರು ತಿಂಗಳಲ್ಲಿ ಅವಳು ಸೊರಗಿ ಸಾಯುತ್ತಾಳೆ. ಗೋದಾಮಿನ ತುಂಬ ಗಂಡಸರು ಮುಸುಮುಸು ಅಳುತ್ತಾರಂತೆ. ನೇಕಾರರು, ಪೇಟೆಯವರು, ಪೊಲೀಸ್ ಹವಾಲ್ದಾರ್ ಸಹ. ಅಣ್ಣ ಪರದೆಯ ಮೇಲೆ ಬಂದ ಕೂಡಲೇ ಮೊದಲು ಬೈಯುವವರು ಇವರೇ ಅಂತೆ. ಅದನ್ನು ಹೆಮ್ಮೆಯಿಂದ ಹೇಳಿದರು.

"ಅಂಥಾ ಅಣ್ಣನ್ನ ಜೀವಂತ ಬಿಡಬಾರದು ನೋಡು" ಅಂದರು. ಕಣ್ಣು ಕೆಂಪಗಿದ್ದವು. ನಿಜವಾಗಿಯೂ.

ನನ್ನ ಬಲಗೈಗೆ ಸುಟ್ಟ ಗಾಯ, ಅರಿವೆ ಕಟ್ಟಿದ್ದೆ. ಒಂದು ತಾಸು ಅದರ ಮುಂದೆಯೇ ಕೂತಿದ್ದರು. ಕೇಳಲಿಲ್ಲ... ಆದರೂ ನನಗೆ ಬೇಜಾರಾಗಲಿಲ್ಲ ಅನ್ನುವುದೇ ಸೋಜಿಗ. ಈ ಮನುಷ್ಯನ ಒಳಗೆ ಮೆತ್ತಗಿನದ್ದು ಏನೋ ಇದೆ ಅಂತ ಮಲಗುವಾಗ ಅನಿಸಿತು.

೨ ಮಾರ್ಚ್, ಶನಿವಾರ

ಪಡಸಾಲೆಯಲ್ಲಿ ದೊಡ್ಡ ವಾದ. ಇವರು, ಹತ್ತಿ ವ್ಯಾಪಾರದ ಅನಂತಪ್ಪ, ಮೂಲೆಮನೆ ಚನಮಲ್ಲಪ್ಪ. ವಿಷಯ — ಗಾಡಿ ಹತ್ತುವಾಗ ಆ ಹುಡುಗಿ ಉಟ್ಟ ಸೀರೆಯ ಬಣ್ಣ ಯಾವುದು. ಅನಂತಪ್ಪನವರು ಕುಂಕುಮಗೆಂಪು ಅಂತ. ಚನಮಲ್ಲಪ್ಪ ಗಿಳಿಹಸಿರು ಅಂತ. ಇವರು ಅರಿಶಿನ ಅಂತ ಆಣೆ ಹಾಕಲಿಕ್ಕೆ ತಯಾರು. ಪರದೆಯ ಮೇಲೆ ಇರುವುದು ಕಪ್ಪು ಬಿಳುಪು ಎರಡೇ! ಮೂವರೂ ಆಕೆಯನ್ನು ತಮಗೆ ಬೇಕಾದ ಬಣ್ಣದಲ್ಲಿ ನೋಡಿ ಬಂದಿದ್ದಾರೆ. ನಾನು ನಿನ್ನೆ ಏನು ಉಟ್ಟಿದ್ದೆ ಕೇಳಿದರೆ ಇವರಿಗೆ ಗೊತ್ತಿಲ್ಲ.

ಅಂಥ ಸೀರೆ ನೇಯಿಸಿ ಮಾರಬೇಕು ಅಂತ ಇವರ ಯೋಚನೆ. ಕೊನೆಗೆ ಬಣ್ಣದ ಭಟ್ಟಿಯಿಂದ ಜಿನ್ನಪ್ಪನನ್ನು ಕರೆಸಿದರು. ನಮ್ಮ ನೂಲಿಗೆ ಬಣ್ಣ ಹಾಕುವವನು, ಮೊಣಕೈತನಕ ನೀಲಿ. ನಮ್ಮವನೇ, ಬಸದಿಗೂ ಬರುತ್ತಾನೆ, ಆದರೆ ಬಡವ. ಅವನೂ ಒಂದು ಸಲ ಸಿನೇಮಾ ನೋಡಿದ್ದಾನೆ. ತಲೆ ಎತ್ತದೆ ಹೇಳಿದ, "ಅಗಸಿ ಹೂವಿನ ಬಣ್ಣರಿ." ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಮೂವರೂ ವಾದ ಬಿಟ್ಟರು. ಹೌದಲ್ಲ, ಅದೇ ಬಣ್ಣ ಅಂದರು. ಒಂದು ಸೀರೆ ನೇಯಲಿಕ್ಕೆ ಹೇಳಿಯೂ ಆಯಿತು.

ಹಿತ್ತಲಿಗೆ ಬಂದೆ. ಹಗ್ಗದ ಮೇಲೆ ಹೀರಾ ಉಡುವ ಪರಕಾರ ಒಣಗುತ್ತಿತ್ತು. ಅದೇ ಅಗಸೆ ಹೂವಿನ ತಿಳಿನೀಲಿ. ಅದರಾಚೆ ಮೋಟು ಗೋಡೆ, ಗೋಡೆಯಾಚೆ ಭಟ್ಟಿ.

೬ ಮಾರ್ಚ್

ಹೀರಾಳನ್ನು ಜಿನ್ನಪ್ಪನ ಬಗ್ಗೆ ಕೇಳಿದೆ. ಸುಳ್ಳು ಹೇಳಲಿಲ್ಲ. ಒಂದು ವರ್ಷದಿಂದ ಅಂತೆ. ಮಾತಾಡಿದ್ದು ಬೆರಳೆಣಿಕೆಯಷ್ಟು ಸಲ. ಮದುವೆಯಾದರೆ ಅವನನ್ನೇ. ನಾನು ಬೈದೆ. ಆಮೇಲೆ ತಲೆ ಬಾಚಿ ಹೆರಳು ಹಾಕಿದೆ. ಇವಳಿಗೆ ಅಕ್ಷರ ಕಲಿಸಿದವಳು ನಾನು, ಜ್ವರ ಬಂದರೆ ಕೂತವಳು ನಾನು. ಬೈಗುಳ ಎಷ್ಟು ಹೊತ್ತು ನಿಲ್ಲುತ್ತದೆ.

೧೫ ಮಾರ್ಚ್, ಶುಕ್ರವಾರ

ಇವತ್ತು ಹೆಂಗಸರ ಆಟ, ಮಧ್ಯಾಹ್ನ ಎರಡಕ್ಕೆ. ಕಿಟಕಿಗಳಿಗೆ ಗೋಣಿತಟ್ಟು ಹೊಡೆದು ಕತ್ತಲೆ ಮಾಡಿದ್ದರು. ಹತ್ತಿಯ ಧೂಳಿಗೆ ಎಲ್ಲರಿಗೂ ಸೀನು. ನಾನು, ಹೀರಾ, ಪಕ್ಕದ ಮನೆ ಸುಂದರವ್ವ.

ಚೆನ್ನಾಗಿದೆ ಸಿನೇಮಾ. ಸುಳ್ಳೇಕೆ ಹೇಳಲಿ. ಹಾಡು ಬಂದಾಗ ನನಗೆ ಸೀನುವುದೂ ಮರೆಯಿತು. ಆದರೆ ಹೆಂಗಸರು ಯಾರೂ ಅಷ್ಟಾಗಿ ಅಳಲಿಲ್ಲ. ಅಣ್ಣ ಬೇಡ ಅಂದ, ಹುಡುಗಿ ಗಾಡಿ ಹತ್ತಿದಳು, ಎಲ್ಲರೂ ಶೇಂಗಾ ಸುಲಿಯುತ್ತ ನೋಡಿದರು. ಹೊರಗೆ ಬಂದು ಸುಂದರವ್ವ ಕೇಳಿದಳು, "ಇದರಾಗ ಅಳೂವಂಥಾದ್ದು ಏನೈತಿ? ಮನ್ಯಾಗ ನಡಿಯೂದ ಐತಲ್ಲ." ಅವಳನ್ನು ಹನ್ನೊಂದನೇ ವಯಸ್ಸಿಗೇ ಮದುವೆ ಮಾಡಿ ಕೊಟ್ಟಿದ್ದರು.

ಹೀರಾ ಮಾತ್ರ ನನ್ನ ಕೈ ಬಿಡಲಿಲ್ಲ. ಸುಟ್ಟ ಗಾಯ ಮತ್ತೆ ಹಸಿಯಾಯಿತು.

೧೭ ಮಾರ್ಚ್, ರವಿವಾರ. ಮಧ್ಯಾಹ್ನ

ಜಿನ್ನಪ್ಪನ ಮಾವ ಅವನಿಗೆ ಹೆಣ್ಣು ನೋಡುತ್ತಿದ್ದಾನಂತೆ. ಹೀರಾ ಬೆಳಗಿನಿಂದ ಉಂಡಿಲ್ಲ. ಈಗಲೇ ಹೇಳಬೇಕು, ಇಲ್ಲವೆ ಅವನ ಆಸೆ ಬಿಡಬೇಕು. ಅಣ್ಣನ ಹೆಸರು ಎತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ.

ಇವತ್ತು ರವಿವಾರ, ಗಂಡಸರಿಗೆ ಮಧ್ಯಾಹ್ನವೂ ಒಂದು ಆಟ. ಇವರು ಹೋಗಿದ್ದಾರೆ. ಇದು ಎಷ್ಟನೆಯ ಸಲವೋ, ಲೆಕ್ಕ ತಪ್ಪಿದೆ. ಐದೂವರೆಗೆ ನೇರ ಊಟಕ್ಕೆ ಬರುತ್ತಾರೆ. ನಾನೇ ಹೇಳಿದೆ ಹೀರಾಗೆ, "ದಿನಾ ಅತ್ತಾರ ಅವರು, ಇವತ್ತೂ ಅತ್ತ ಬರ್ತಾರ. ಕಣ್ಣ ಹಸಿ ಇರೂವಾಗ ಹೇಳಿಬಿಡು." ಆ ಅಣ್ಣನನ್ನು ಬೈದ ಬಾಯಲ್ಲೇ ಬೇಡ ಅನ್ನಲಿಕ್ಕೆ ಆಗುತ್ತದೆಯೇ? ಆಗುವುದಿಲ್ಲ. ನನಗೆ ಖಾತ್ರಿ ಇದೆ. ಶೇಂಗಾ ಹೋಳಿಗೆ ಮಾಡಿದ್ದೇನೆ.

೧೮ ಮಾರ್ಚ್, ಸೋಮವಾರ

ಬರೆಯಬೇಕು. ಬರೆಯದಿದ್ದರೆ ನಾನೇ ಮರೆತುಬಿಡುತ್ತೇನೆ, ಮರೆಯುವುದು ಸುಲಭ ಈ ಮನೆಯಲ್ಲಿ.

ನಿನ್ನೆ ಅತ್ತುಕೊಂಡೇ ಬಂದರು. ಹೊತ್ತು ಇಳಿಯುತ್ತಿದೆ, ಬೇಗ ಬಡಿಸು ಅಂದರು. ತಟ್ಟೆ ಹೀರಾಳ ಕೈಗೆ ಕೊಟ್ಟು ಕಳಿಸಿದೆ. ನಾನು ಕದದ ಹಿಂದೆ ನಿಂತೆ. ಎರಡು ತುತ್ತು ಆದ ಮೇಲೆ ಹೇಳಿದಳು. ಮೆಲ್ಲಗೆ, ಆದರೆ ಪೂರ್ತಿ ಹೇಳಿದಳು. ಇವರಿಗೆ ಮೊದಲು ತಿಳಿಯಲೇ ಇಲ್ಲ. ಯಾವ ಜಿನ್ನಪ್ಪ ಅಂದರು. ಬಣ್ಣದ ಜಿನ್ನಪ್ಪ ಅಂದಳು.

ತಟ್ಟೆ ಗೋಡೆಗೆ ಹೋಯಿತು. ಆಮೇಲೆ ಕೈ. ಎರಡು, ಮೂರು. ನಾನು ನಡುವೆ ಬಂದೆ. ಒಂದು ನನಗೂ ಬಿತ್ತು.

"ಈಗಿನ್ನ ಆ ಹುಡುಗಿ ಸಲುವಾಗಿ ಅತ್ತ ಬಂದೀರಿ. ಇಕಿ ಏನ ಬ್ಯಾರೆ ಕೇಳ್ಯಾಳ್ರಿ?" ಅಂದೆ.

"ಆಕಿ ಪರದೇದಾಗಿನ ಹುಡುಗಿ. ಇಕಿ ನನ್ನ ತಂಗಿ."

ಹೇಳುವಾಗ ಕೆನ್ನೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ. ಒರೆಸಿಕೊಂಡೂ ಇರಲಿಲ್ಲ.

ಅಷ್ಟರಲ್ಲಿ ಹೊತ್ತು ಮುಳುಗಿತು. ಅತ್ತೆ ಅಳುತ್ತ ಕೂತರು. ಮಗ ಎರಡೇ ತುತ್ತಿಗೆ ಎದ್ದ, ಈ ಹಾಳಾದವಳು ಅಣ್ಣನನ್ನು ಉಪವಾಸ ಕೆಡವಿದಳು ಅಂತ. ಹೀರಾಳ ಬಾಯಿಯಿಂದ ರಕ್ತ ಬರುತ್ತಿತ್ತು. ಅದನ್ನು ನೋಡಿ ಯಾರೂ ಅಳಲಿಲ್ಲ.

೯ ಏಪ್ರಿಲ್, ಮಂಗಳವಾರ

ಜಿನ್ನಪ್ಪನನ್ನು ಮರುದಿನವೇ ಕೆಲಸದಿಂದ ಬಿಡಿಸಿದರು. ಸೋಲಾಪುರದ ಮಿಲ್ಲಿಗೆ ಹೋದನಂತೆ, ಅವನ ತಾಯಿ ಬಸದಿಯಲ್ಲಿ ಹೇಳಿದಳು. ನನ್ನ ಮುಖ ನೋಡಲಿಲ್ಲ ಆಕೆ.

ಹೀರಾ ಮಾಳಿಗೆ ಕೋಣೆಯಲ್ಲಿ. ಬೀಳಗಿಯ ಸಂಬಂಧ ಗಟ್ಟಿ ಮಾಡಿದ್ದಾರೆ. ಕಿರಾಣಿ ಅಂಗಡಿ, ಮೂವತ್ತಾರು ವರ್ಷ, ಮೊದಲ ಹೆಂಡತಿಯ ಎರಡು ಮಕ್ಕಳು. ಒಳ್ಳೆಯ ಮನೆತನ ಅನ್ನುತ್ತಾರೆ ಎಲ್ಲರೂ. ಊಟ ತೆಗೆದುಕೊಂಡು ಹೋದರೆ ನನ್ನನ್ನು ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಟೂರಿಂಗ್ ಟಾಕೀಸ್ ಮೊನ್ನೆ ಎದ್ದು ಹೋಯಿತು. ಇವರು ಒಂದು ದಿನವೂ ಬಿಡಲಿಲ್ಲ. ಮಾರ್ಚ್ ಹದಿನೆಂಟರಂದು ಸಹ ಹೋಗಿದ್ದರು. ಕೊನೆಯ ಆಟದ ದಿನ ರೀಲಿನ ಡಬ್ಬಿ ಗಾಡಿಗೆ ಏರುವವರೆಗೆ ನಿಂತಿದ್ದರಂತೆ. ಅನಂತಪ್ಪನವರು ಹೇಳಿದರು, ಬಹಳ ಹಳಹಳಿಯಿಂದ.

೧೩ ಮೇ, ಸೋಮವಾರ

ನಿನ್ನೆ ಮದುವೆ ಆಯಿತು. ಕಳಿಸಿಕೊಡುವಾಗ ಉಡಿಸಲು ಇವರು ಆ ಸೀರೆ ತಂದರು. ಅಗಸೆ ಹೂವಿನ ಬಣ್ಣದ್ದು. ಜಿನ್ನಪ್ಪ ಹೋಗುವ ಮೊದಲು ನೂಲಿಗೆ ಬಣ್ಣ ಹಾಕಿಟ್ಟಿದ್ದ, ಅದರಲ್ಲೇ ನೇಯ್ದದ್ದು. ಇವರಿಗೆ ಅದು ಹೊಳೆಯಲೂ ಇಲ್ಲ. ಸಿನೇಮಾದ ಸೀರೆ ಅಂತ ಮಾತ್ರ ಗೊತ್ತು.

ನಾನೇ ಉಡಿಸಿದೆ. ನಿರಿಗೆ ಹಿಡಿಯುವಾಗ ಹೀರಾ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಹೊಸ ಬಣ್ಣದ ವಾಸನೆ ಇನ್ನೂ ಇತ್ತು.

ಗಾಡಿ ಹತ್ತಿದಳು. ಅಳಲಿಲ್ಲ. ಇವರು ಅತ್ತರು, ಬಿಕ್ಕಿ ಬಿಕ್ಕಿ. ಅನಂತಪ್ಪನವರ ಹೆಗಲ ಮೇಲೆ ತಲೆ ಇಟ್ಟು ಹೇಳಿದ್ದು ನನ್ನ ಕಿವಿಗೆ ಬಿತ್ತು, "ಥೇಟ್ ಆ ಹುಡುಗಿ ಕಂಡಂಗ ಕಂಡ್ಲಲ್ಲೋ." ಊರವರೆಲ್ಲ ತಂಗಿಯ ಮೇಲೆ ಎಷ್ಟು ಪ್ರೀತಿ ಅಂದರು. ನನಗೆ ಆ ಮುಖಕ್ಕೆ ಉಗಿಯಬೇಕು ಅನಿಸಿತು. ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

೨೦ ಜುಲೈ, ಶನಿವಾರ

ಹೀರಾಳ ಕಾರ್ಡು ಬಂತು. ನಾನು ಕಲಿಸಿದ ದುಂಡಗಿನ ಅಕ್ಷರ. ಎಲ್ಲರೂ ಕ್ಷೇಮ. ಮಕ್ಕಳು ಹಚ್ಚಿಕೊಂಡಿವೆ. ಕೊನೆಗೆ ಒಂದು ಸಾಲು — ವೈನಿ, ಸೀರೆ ಮೂರು ಸಲ ಒಗೆದೆ, ಬಣ್ಣ ಬಿಡಲಿಲ್ಲ.

ಇವರು ಓದಿ ಸಂತೋಷಪಟ್ಟರು. ಹಾಗಾದರೆ ಅದೇ ಬಣ್ಣದಲ್ಲಿ ಇನ್ನಷ್ಟು ನೇಯಿಸಬಹುದು ಅಂದರು. ನಾನು ಉತ್ತರ ಬರೆದಿಲ್ಲ. ನಾಳೆ ಬರೆಯುತ್ತೇನೆ.

೧೨ ಸೆಪ್ಟೆಂಬರ್, ಗುರುವಾರ

ನಾಳೆ ನಾಳೆ ಅಂತ ಇವತ್ತಾಯಿತು.

ನಮ್ಮ ಉಪವಾಸದ ಪರ್ವ ಮುಗಿಯಿತು. ಇವತ್ತು ಕ್ಷಮಾವಾಣಿ. ವರ್ಷಕ್ಕೊಂದು ದಿನ ಎಲ್ಲರೂ ಎಲ್ಲರಿಗೂ ಕೈ ಮುಗಿದು ತಪ್ಪಾಯಿತು ಅನ್ನಬೇಕು. ದೂರದ ಬಂಧುಗಳಿಗೆ ಪತ್ರ. ನನ್ನ ಅಕ್ಷರ ಚೆಂದ ಅಂತ ಪ್ರತಿ ವರ್ಷ ನಾನೇ ಬರೆಯುವುದು, ಇವರು ಹೇಳುವುದು. ಎಲ್ಲರಿಗೂ ಒಂದೇ ಸಾಲು — ತಿಳಿದೋ ತಿಳಿಯದೆಯೋ ನಮ್ಮಿಂದ ನೋವಾಗಿದ್ದರೆ ಕ್ಷಮಿಸಿರಿ. ತೇರದಾಳದ ಮಾವನಿಗೆ, ಮುಧೋಳದ ಅತ್ತೆಗೆ, ಹಾಗೆಯೇ ಒಂದರ ಹಿಂದೆ ಒಂದು.

ಹೀರಾಳ ಪತ್ರಕ್ಕೂ ಅದೇ ಸಾಲು ಹೇಳಿದರು. ನಾನು ಪೆನ್ನು ಎತ್ತದೆ ಕಾದೆ. ಇನ್ನೇನಾದರೂ ಹೇಳಬಹುದು ಅಂತ. ಹೇಳಿದರು.

"ಬರಿ. ದಸರಾಕ್ಕ ಟೂರಿಂಗ್ ಮತ್ತ ಬರ್ತೈತಿ. ಅದ ಸಿನೇಮಾ ತರಸಾಕ ಹೇಳೇನಿ. ಅಳಿಯಂದ್ರನ್ನ ಕರಕೊಂಡು ಬಾ, ಭಾಳ ಛಲೋ ಐತಿ."

ಬರೆದೆ. ಆಮೇಲೆ ಅತ್ತೆಯ ಎದುರಿಗೇ ಇವರು ನನಗೂ ಕೈ ಮುಗಿದರು. ಆ ಕೈಗಳನ್ನು ನೋಡಿದೆ. ಅತ್ತೆ ನನ್ನನ್ನು ನೋಡುತ್ತಿದ್ದರು. ಕ್ಷಮಾ ಐತ್ರಿ ಅಂದೆ. ಅನ್ನಲೇಬೇಕು, ರೂಢಿ.

ಪತ್ರಗಳು ನಾಲ್ಕರ ಬಸ್ಸಿಗೆ ಹೋಗುತ್ತವೆ. ಹೀರಾಳದ್ದರ ಕೆಳಗೆ ಎರಡು ಬೆರಳು ಜಾಗ ಬಿಟ್ಟಿದ್ದೇನೆ. ನಾನೂ ಕ್ಷಮೆ ಕೇಳಬೇಕಲ್ಲ. ಆದರೆ ಬೀಳಗಿಯಲ್ಲಿ ಪತ್ರ ಮೊದಲು ಓದುವವರು ಅಳಿಯಂದಿರು. ಅಲ್ಲಿ ಬರೆಯುವಂತಿಲ್ಲ. ಇಲ್ಲಿಯಾದರೂ ಬರೆಯುತ್ತೇನೆ.

ಹೀರಾ, ಅಣ್ಣನ ಕಣ್ಣು ಹಸಿ ಇರುವಾಗ ಹೇಳು ಅಂತ ನಿನ್ನ ಕೈಗೆ ತಟ್ಟೆ ಕೊಟ್ಟು ಕಳಿಸಿದವಳು ನಾನು. ನಿನ್ನ ಒಳ್ಳೆಯದಕ್ಕೇ ಮಾಡಿದೆ ಅಂತ ಆರು ತಿಂಗಳಿಂದ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಖರೆ ಅಲ್ಲ. ಆ ಅಳು ಖರೆಯೋ ಸುಳ್ಳೋ ನನಗೆ ತಿಳಿಯಬೇಕಿತ್ತು. ಎಂಟು ವರ್ಷದ ಮೇಲೆ ಒಂದು ತಾಸು ಮಾತಾಡಿದ್ದರಲ್ಲ, ಆ ಮನುಷ್ಯನ ಒಳಗೆ ಏನಾದರೂ ಇದೆಯೋ ಇಲ್ಲವೋ ನೋಡಬೇಕಿತ್ತು. ನನ್ನ ಸಲುವಾಗಿ. ನಾನೇ ಹೋಗಿ ಕೇಳಬಹುದಿತ್ತು, ಧೈರ್ಯ ಇರಲಿಲ್ಲ. ಅದಕ್ಕೆ ನಿನ್ನನ್ನು ಮುಂದೆ ಮಾಡಿ ನಾನು ಕದದ ಹಿಂದೆ ನಿಂತೆ. ತಪ್ಪಾಯಿತು.