ಅಣ್ಣನ ಗೇಮಿನ ಸೌಂಡು

೧೨ ಜೂನ್ ೨೦೧೩, ಬುಧವಾರ. ಸಂಜಯನಗರ.

ಈ ಡೈರಿಯ ಏಕೈಕ ಓದುಗನಾದ ನನಗೆ ನಾನೇ ತಿಳಿಯಪಡಿಸುವುದೇನೆಂದರೆ, ಅಣ್ಣ ಮುನೀಂದ್ರನ ಹಳೇ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಇಂದು ಸಂಜೆ ಪುನರ್ಜನ್ಮವಾಯಿತು. ಅದನ್ನು ಹಾಗೇ ಅನುಕರಿಸುವ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಅವನ ಕಾರ್ ರೇಸ್ ಗೇಮಿನ ಮ್ಯೂಸಿಕ್ಕು ಅದೇ ತಗಡು ಬಡಿದಂಥ ದನಿಯಲ್ಲಿ ಬಂತು. ವಾಲ್ಯೂಮ್ ಪೂರ್ತಿ ಕೊಟ್ಟೆ.

ಅಡುಗೆಮನೆಯಿಂದ ಅಮ್ಮ, "ಮುನೀಂದ್ರಾ, ಕಮ್ಮಿ ಮಾಡೋ, ಕಿವಿ ಹೋಯ್ತು!" ಅಂದಳು. ಆಮೇಲೆ ಸೌಟಿನ ಸದ್ದೂ ನಿಂತಿತು.

ಅಣ್ಣ ತೀರಿಕೊಂಡು ಎರಡು ವರ್ಷ. ಅವನಿದ್ದಾಗ ಅವನ ದನಿಯಲ್ಲೇ "ಆಯ್ತಮ್ಮಾ" ಅಂದು ಅಮ್ಮನನ್ನು ಎಷ್ಟು ಸಲ ಯಾಮಾರಿಸಿದ್ದೆ! ಇವತ್ತು ವಾಲ್ಯೂಮ್ ಮಾತ್ರ ಇಳಿಸಿದೆ, ಅವನು ಇಳಿಸುತ್ತಿದ್ದಷ್ಟೇ, ಒಂಚೂರು.

ಊಟಕ್ಕೆ ಬಡಿಸುತ್ತಾ ಅಮ್ಮ ತಲೆಯೆತ್ತದೆ ಕೇಳಿದಳು, "ನಾಳೆನೂ ಹಾಕ್ತೀಯೇನೋ?"

ಹಾಕ್ತೀನಿ ಅಂದೆ. ನಾಳೆ ಕಮ್ಮಿ ಮಾಡು ಅಂತ ಅವಳು ಯಾರನ್ನ ಕೂಗ್ತಾಳೋ...